ಬೀಜದ ಹಿಂದಿನ ಕರಾರು: ತೊಗರಿಯೂ ಪರದೇಶಗಳ ವಿಜ್ಞಾನವೂ

ಮುಂಗಾರಿನ ಬಿತ್ತಿಗೆ ಸಮೀಪಿಸಿದಂತೆ ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯ ಗ್ರಾಮಗಳಲ್ಲಿ ಊರ ಹಿರಿಯರೂ ಜಮೀನುದಾರರೂ ನಮ್ಮ ಇಲಾಖೆಯವರನ್ನು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಈ ವರ್ಷ ಯಾವ ಬೀಜವನ್ನು ಬಿತ್ತಬೇಕು? ಇದು ಯೋಗ್ಯವಾದ ಪ್ರಶ್ನೆಯೇ. ಆದರೆ ಇದರ ಬೆನ್ನಿಗೇ ಕೇಳತಕ್ಕ ಇನ್ನೊಂದು ಪ್ರಶ್ನೆಯುಂಟು; ಅದನ್ನು ಕೇಳುವವರು ಬಹಳ ಕಡಮೆ. ಈ ಬೀಜವು ಯಾವ ಕರಾರಿನ ಮೇಲೆ ನಮ್ಮ ಕೈಗೆ ಬಂದಿತು? ಬರುವ ವರ್ಷಕ್ಕೆ ನಮ್ಮ ರಾಶಿಯಿಂದಲೇ ಬೀಜ ತೆಗೆದಿಟ್ಟುಕೊಳ್ಳಬಹುದೇ, ಅಥವಾ ಮತ್ತೆ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕೇ? ಗೋರ್ಟಾ (ಬಿ) ಗ್ರಾಮದ ಹೊಲದಲ್ಲಿ ಬಿತ್ತುವ ಒಂದು ಹಿಡಿ ತೊಗರಿ ಅಥವಾ ಸೋಯಾದ ಹಿಂದೆ ಅಮೆರಿಕ, ಆಸ್ಟ್ರೇಲಿಯಾ, ಚೀನಾ, ಆಫ್ರಿಕಾ ಖಂಡದ ದೇಶಗಳು ಇವೆಲ್ಲವುಗಳ ಸಂಬಂಧವು ಸೇರಿಕೊಂಡಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಅವಶ್ಯವೆಂದು ತೋರಿದೆ.

ತೊಗರಿಯ ನೆಟೆರೋಗವನ್ನು ಅರಿಯದ ಒಕ್ಕಲು ಈ ಸೀಮೆಯಲ್ಲಿ ಇರಲಾರದು. ಹೂವಾಡುವ ಕಾಲಕ್ಕೆ ಅಥವಾ ಕಾಯಿ ಕಟ್ಟುವ ಹೊತ್ತಿಗೆ, ಭೂಮಿಯಲ್ಲಿ ಹಸಿ ಇದ್ದರೂ, ಗಿಡವು ನೀರು ಕಾಣದಂತೆ ಬಾಡಿ ಒಣಗುವುದು. ಕಾಂಡದ ಬುಡದಿಂದ ಮೇಲಕ್ಕೆ ಊದಾ ಬಣ್ಣದ ಪಟ್ಟೆಯೊಂದು ಏರಿರುವುದು. ಕಾಂಡವನ್ನು ಸೀಳಿ ನೋಡಿದರೆ ಒಳಗಿನ ಕಟ್ಟಿಗೆ ಕಪ್ಪಾಗಿರುವುದು. ಇದಕ್ಕೆ ಕಾರಣವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವ ಫ್ಯುಸೇರಿಯಮ್ ಉಡಮ್ ಎಂಬ ಬೂಷ್ಟು. ಈ ಬೂಷ್ಟನ್ನು ಪರೀಕ್ಷಿಸಿ 1910ರಲ್ಲಿ ಹೆಸರಿಟ್ಟವರು ಇ. ಜೆ. ಬಟ್ಲರ್ ಎಂಬ ಐರ್ಲೆಂಡಿನ ಶಾಸ್ತ್ರಜ್ಞರು. ಅವರು ಆಗ ಬಿಹಾರದ ಪೂಸಾ ಎಂಬಲ್ಲಿಯ ಕೃಷಿ ಸಂಶೋಧನಾಲಯದಲ್ಲಿ ಕೆಲಸದಲ್ಲಿದ್ದರು. ಆ ಸಂಶೋಧನಾಲಯವು 1905ರಲ್ಲಿ ಏರ್ಪಟ್ಟದ್ದು ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಧನಿಕರು ಕೊಟ್ಟ 30,000 ಪೌಂಡುಗಳ ನೆರವಿನಿಂದ. ಹಣ ಅಮೆರಿಕದ್ದು, ಶಾಸ್ತ್ರಜ್ಞರು ಐರ್ಲೆಂಡಿನವರು, ರೋಗ ಮಾತ್ರ ನಮ್ಮದು! ನೂರು ವರ್ಷಗಳಿಗೂ ಹಿಂದೆಯೇ ತೊಗರಿಯ ವಿಷಯದಲ್ಲಿ ದೇಶದೇಶಗಳ ಕೂಡುಗೆಲಸ ಆರಂಭವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ರೋಗದ ಹೆಸರು ತಿಳಿದ ಮಾತ್ರಕ್ಕೆ ಗಿಡ ಉಳಿಯುವುದಿಲ್ಲ. ರೋಗವನ್ನು ತಡೆಯುವ ತಳಿ ದೊರೆಯಬೇಕಾದರೆ ಮುಂದೆ ಬಹುಕಾಲ ಕಾಯಬೇಕಾಯಿತು. ಹುಮನಾಬಾದಿನಿಂದ ಜಹೀರಾಬಾದ, ಸಂಗಾರೆಡ್ಡಿ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆ, ನಗರವು ಇನ್ನೂ ಮುಂದಿರುವಾಗಲೇ ಪಟಾನ್‌ಚೆರು ಎಂಬ ಊರು ಸಿಕ್ಕುತ್ತದೆ. ಅಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯು ಸ್ಥಾಪನೆಯಾಯಿತು. ಭೂಮಿಯನ್ನು ಒದಗಿಸಿದವರು ಭಾರತ ಸರ್ಕಾರದವರು. ಹಣವು ಬಹುಪಾಲು ಮುಂದುವರಿದ ದೇಶಗಳಿಂದಲೂ ದೊಡ್ಡ ಧರ್ಮನಿಧಿಗಳಿಂದಲೂ ಬಂದಿತು. ಮಳೆಯನ್ನೇ ನಂಬಿದ ಒಣಭೂಮಿಗಳ ಬೆಳೆಗಳಾದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವೇ ಅದರ ಮುಖ್ಯ ವಿಷಯಗಳು. ಎಂದರೆ, ನಮ್ಮ ಸೀಮೆಯ ಹೊಲಗಳಲ್ಲಿ ಏನಿದೆಯೋ ಅದೇ.

ಆ ಸಂಸ್ಥೆಯ ಬೀಜಭಂಡಾರದಲ್ಲಿ 144 ದೇಶಗಳಿಂದ ತಂದ 1,25,000ಕ್ಕೂ ಮೇಲ್ಪಟ್ಟ ಬೀಜದ ಮಾದರಿಗಳು ತಣ್ಣನೆಯ ಕೋಣೆಗಳಲ್ಲಿ ಕಾಪಾಡಲ್ಪಟ್ಟಿವೆ. ತೊಗರಿಯ ಮಾದರಿಗಳೇ 13,000ಕ್ಕೂ ಹೆಚ್ಚು. ಇವುಗಳಲ್ಲಿ ನೆಟೆಯನ್ನು ತಡೆಯುವ ಗುಣ ಯಾವುದರಲ್ಲಿದೆ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ. ಆದಕಾರಣ ಶಾಸ್ತ್ರಜ್ಞರು ಒಂದು ಹೊಲವನ್ನು ಬುದ್ಧಿಪೂರ್ವಕವಾಗಿಯೇ ರೋಗಿಷ್ಠವನ್ನಾಗಿ ಮಾಡುತ್ತಾರೆ. ನೆಟೆ ಬಿದ್ದ ಗಿಡಗಳ ಕಾಂಡಗಳನ್ನು ಕಡಿದು ಅದೇ ಮಣ್ಣಿನಲ್ಲಿ ಸೇರಿಸುತ್ತ, ಪ್ರತಿವರ್ಷವೂ ತೊಗರಿಯನ್ನೇ ಬಿತ್ತುತ್ತ ಬಂದರೆ ಬೂಷ್ಟು ಮಣ್ಣಿನ ತುಂಬ ಹರಡುವುದು. ನಾವು ಯಾವುದನ್ನು ಮಾಡಬಾರದೆಂದು ರೈತರಿಗೆ ಹೇಳುತ್ತೇವೆಯೋ ಅದನ್ನೇ ಅಲ್ಲಿ ಶ್ರದ್ಧೆಯಿಂದ ಮಾಡುವರು! ಅಂಥ ಹೊಲದಲ್ಲಿ ನೂರಾರು ಮಾದರಿಗಳನ್ನು ಸಾಲುಸಾಲಾಗಿ ಬಿತ್ತಿ, ನಡುನಡುವೆ ರೋಗಕ್ಕೆ ಬೇಗನೆ ಬಲಿಯಾಗುವ ತಳಿಯ ಸಾಲನ್ನು ಹಾಕುವರು. ಆ ಸಾಲು ಪೂರ್ತಿ ಸತ್ತು, ಮಗ್ಗುಲಿನ ಸಾಲು ಹಸಿರಾಗಿ ನಿಂತರೆ, ಆ ನಿಂತದ್ದನ್ನು ಆರಿಸಿಕೊಳ್ಳುವರು.

ಹೀಗೆ ಆರಿಸಿದ ಐಸಿಪಿ 8863 ಎಂಬ ತಳಿಯು 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ನೆಟೆಯಿಂದ ತೊಗರಿಯನ್ನೇ ಕೈಬಿಡಬೇಕೆಂದಿದ್ದ ಹೊಲಗಳಲ್ಲಿ ಮಾರುತಿ ಮತ್ತೆ ತೊಗರಿಯನ್ನು ನಿಲ್ಲಿಸಿತು. ಆದರೆ ಗೊಡ್ಡುರೋಗವನ್ನು ಇದು ತಡೆಯಲಾರದು. ಎರಡನ್ನೂ ತಡೆಯುವ ಆಶಾ, ಅಂದರೆ ಐಸಿಪಿಎಲ್ 87119, ಮುಂದೆ 1993ರಲ್ಲಿ ಬಂದಿತು. ಅದು ತಡವಾಗಿ ಮಾಗುವುದರಿಂದ ಹಿಂಗಾರಿನ ಹಸಿ ಬೇಗ ಆರುವ ತೆಳುಭೂಮಿಗೆ ಒಗ್ಗುವುದಿಲ್ಲ. ಕಲಬುರಗಿಯ ಸಂಶೋಧನಾ ಕೇಂದ್ರದವರ ಟಿಎಸ್-3ಆರ್, ಜಿಆರ್‌ಜಿ-811 ಮೊದಲಾದವು ಈ ಪಂಕ್ತಿಯ ನಂತರದ ತಳಿಗಳು. ಕಡಲೆಯಲ್ಲಿಯೂ ಹಾಗೆಯೇ: ನಮ್ಮ ರೈತರಿಗೆ ಪರಿಚಿತವಾದ ಜೆಜಿ-11 ಎಂಬ ತಳಿಯು ಜಬಲಪುರದ ಕೃಷಿ ವಿಶ್ವವಿದ್ಯಾಲಯವೂ ಇಕ್ರಿಸ್ಯಾಟೂ ಕೂಡಿ ಮಾಡಿದ ಕೆಲಸದ ಫಲ, ಬಿಡುಗಡೆಯಾದದ್ದು 1999ರಲ್ಲಿ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಮಾರುತಿಯನ್ನಾಗಲಿ ಆಶಾವನ್ನಾಗಲಿ ಜೆಜಿ-11ನ್ನಾಗಲಿ ಬಿತ್ತಿದ ರೈತನು ಯಾವ ಕಂಪನಿಗೂ ಹಕ್ಕುಹಣ ಕೊಡಬೇಕಾಗಿಲ್ಲ. ಒಮ್ಮೆ ಒಳ್ಳೆಯ ಬೀಜ ತಂದರೆ ಕೆಲವು ವರ್ಷ ತನ್ನ ರಾಶಿಯಿಂದಲೇ ಬಿತ್ತಿಕೊಳ್ಳಬಹುದು. ಇದನ್ನು ಮುಂದುವರಿದ ದೇಶಗಳ ದಾನವೆಂದು ಕೆಲವರು ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ದಾನವೆಂಬ ಮಾತು ಸರಿಯಲ್ಲ. ಆ ಭಂಡಾರದಲ್ಲಿರುವ ಬೀಜ ಎಲ್ಲಿಂದ ಬಂದದ್ದು? ಬಹುಪಾಲು ಬಡದೇಶಗಳ ಒಕ್ಕಲುಗಳ ಕಣಜಗಳಿಂದ ಬಂದದ್ದು. ಅವರು ತಲೆತಲಾಂತರದಿಂದ ಆರಿಸಿ ಕಾಪಾಡಿದ ಬೀಜವು ಒಂದು ಕಡೆಯ ಬಂಡವಾಳ. ಪ್ರಯೋಗಶಾಲೆ, ಹಣ, ಶಾಸ್ತ್ರಜ್ಞಾನ ಇವು ಇನ್ನೊಂದು ಕಡೆಯ ಬಂಡವಾಳ. ಇಬ್ಬರೂ ಬಂಡವಾಳ ಹಾಕಿದ ಪಾಲುಗಾರಿಕೆಯೆಂದು ಇದನ್ನು ತಿಳಿಯುವುದು ನ್ಯಾಯ.

ಪಾಲುಗಾರಿಕೆಯಲ್ಲಿ ಕರಾರು ಸಡಿಲವಾದರೆ ಏನಾಗುವುದೆಂಬುದಕ್ಕೆ ಒಂದು ದೃಷ್ಟಾಂತವಿದೆ. ಇಂಥ ಬೀಜಭಂಡಾರಗಳ ಮಾದರಿಗಳನ್ನು ಯಾರೂ ಸ್ವಂತ ಸೊತ್ತನ್ನಾಗಿ ಮಾಡಿಕೊಳ್ಳಬಾರದು, ಲೋಕದ ಪರವಾಗಿ ನಿಕ್ಷೇಪದಂತೆ ಕಾಪಾಡಬೇಕು ಎಂದು 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೊಡನೆ ಒಪ್ಪಂದವಾಗಿತ್ತು. ಹಾಗಿದ್ದರೂ ಆಸ್ಟ್ರೇಲಿಯಾದ ಸಂಸ್ಥೆಗಳು ಇಕ್ರಿಸ್ಯಾಟಿನಿಂದ ಪಡೆದ ಎರಡು ಕಡಲೆ ತಳಿಗಳ ಮೇಲೆ ತಮ್ಮ ದೇಶದಲ್ಲಿ ತಳಿಹಕ್ಕನ್ನು ಪಡೆಯಲು ಅರ್ಜಿ ಹಾಕಿದವು. ಲೋಕದ ಹಲವು ಕಡೆಗಳಿಂದ ಆಕ್ಷೇಪಣೆಗಳು ಬಂದ ಮೇಲೆ 1998ರಲ್ಲಿ ಆ ಅರ್ಜಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ನಮ್ಮಲ್ಲಿ ಜಮೀನಿನ ಪಹಣಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು, ಇಲ್ಲವಾದರೆ ಬದುವು ತಾನಾಗಿಯೇ ಸರಿಯುತ್ತದೆಂದು ಹಿರಿಯರು ಹೇಳುವರು. ಬೀಜದ ಬದುವೂ ಹಾಗೆಯೇ.

ಈ ವ್ಯಾಜ್ಯವಾದ ಕೆಲವೇ ವರ್ಷಗಳಲ್ಲಿ ಕರಾರು ಬಿಗಿಯಾಯಿತು. ಆಹಾರ ಮತ್ತು ಕೃಷಿಗಾಗಿ ಸಸ್ಯಸಂಪತ್ತಿನ ಅಂತರರಾಷ್ಟ್ರೀಯ ಒಪ್ಪಂದವು 2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂದಿತು. ಭಾರತವೂ ಇದಕ್ಕೆ ಸಹಿ ಮಾಡಿದೆ. ಇದರ ಪ್ರಕಾರ 64 ಬೆಳೆಗಳ ಬೀಜದ ಮಾದರಿಗಳನ್ನು ದೇಶಗಳು ಪರಸ್ಪರ ಕೊಟ್ಟುಕೊಳ್ಳಬೇಕು. ಪಡೆದ ಮಾದರಿಯನ್ನು ಇದ್ದ ರೂಪದಲ್ಲಿಯೇ ತನ್ನದೆಂದು ಹಕ್ಕುಸಾಧಿಸಬಾರದು. ಅದರಿಂದ ಹೊಸ ತಳಿ ಮಾಡಿ, ಇತರರು ಅದನ್ನು ಸಂಶೋಧನೆಗೆ ಬಳಸದಂತೆ ತಡೆದು ಮಾರುವವನು ಮಾರಾಟದ ಒಂದು ಅಲ್ಪ ಪಾಲನ್ನು ಸಾಮಾನ್ಯ ನಿಧಿಗೆ ಕಟ್ಟಬೇಕು. ಆ ಪಟ್ಟಿಯಲ್ಲಿ ತೊಗರಿ, ಕಡಲೆ, ಜೋಳ ಇವು ಸೇರಿದವು. ಸೋಯಾ ಮತ್ತು ಶೇಂಗಾ ಸೇರಲಿಲ್ಲ.

ಸೋಯಾದ ಮಾತು ಬಂದದ್ದರಿಂದ ಅದರ ಕಥೆಯನ್ನೂ ಹೇಳಬೇಕು. ಇಂದು ಬೀದರ ಜಿಲ್ಲೆಯ ಮುಂಗಾರಿನಲ್ಲಿ ಸೋಯಾದ ಹೊಲವಿಲ್ಲದ ಊರು ಅಪರೂಪ. ಆದರೂ ನಮ್ಮ ಅಜ್ಜಂದಿರು ಈ ಬೆಳೆಯನ್ನು ಬಿತ್ತಿದವರಲ್ಲ. 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು ಜಬಲಪುರ ಮತ್ತು ಪಂತನಗರದ ಕೃಷಿ ವಿಶ್ವವಿದ್ಯಾಲಯಗಳೊಡನೆ ಸೇರಿ ಇದರ ಬೇಸಾಯವನ್ನು ಪ್ರಯೋಗಿಸಿತು. ಮೊದಮೊದಲು ಬ್ರಾಗ್ ಮೊದಲಾದ ಅಮೆರಿಕದ ತಳಿಗಳನ್ನೇ ಬಿತ್ತಿದರು. ಜಬಲಪುರದವರು ಅಲ್ಲಿಗೇ ನಿಲ್ಲದೆ ಸ್ವಂತವಾಗಿ ತಳಿಗಳನ್ನು ಸಂಕರಿಸಿ ಮುಂದುವರಿದರು; ಅವರ ಜೆಎಸ್-335 ತಳಿಯು 1994ರಲ್ಲಿ ಬಿಡುಗಡೆಯಾಗಿ ಮಧ್ಯಪ್ರದೇಶ, ಮಹಾರಾಷ್ಟ್ರಗಳನ್ನು ದಾಟಿ ನಮ್ಮ ಹೊಲಗಳಿಗೂ ಬಂದಿತು. ಪರದೇಶದಿಂದ ಬೀಜ ತರುವುದು ಸುಲಭ; ತಂದ ಮೇಲೆ ಅದನ್ನು ನಮ್ಮ ಮಳೆಗೆ, ನಮ್ಮ ಮಣ್ಣಿಗೆ ತಕ್ಕಂತೆ ಮಾಡುವವರು ನಮ್ಮಲ್ಲಿಯೇ ಇರಬೇಕು. ಈ ಎರಡನೆಯ ಕೆಲಸ ನಡೆಯದ ಕಡೆ ಬೆಳೆಯು ಎಂದೆಂದಿಗೂ ಪರದೇಶದ್ದಾಗಿಯೇ ಉಳಿಯುವುದು.

ಇನ್ನು ಹೈಬ್ರಿಡ್ ಬೀಜದ ಕರಾರು ಬೇರೆ ಬಗೆಯದು. ಭಾರತದ ಮೊದಲ ಹೈಬ್ರಿಡ್ ಜೋಳವಾದ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಅದರ ತಾಯಿಸಾಲು ಕಂಬೈನ್ ಕಾಫಿರ್-60 ಎಂಬುದು ಅಮೆರಿಕದಿಂದ ತಂದದ್ದು. ಅದರ ಹೂವಿನಲ್ಲಿ ಪರಾಗವು ಫಲಿಸದಂತೆ ಇರುವುದರಿಂದ, ಮಗ್ಗುಲಿನಲ್ಲಿ ಬೇರೊಂದು ಸಾಲನ್ನು ಬಿತ್ತಿದರೆ ಆ ಸಾಲಿನ ಪರಾಗದಿಂದಲೇ ಕಾಳು ಕಟ್ಟುವುದು. ಹೀಗೆ ಹುಟ್ಟಿದ ಮೊದಲ ಪೀಳಿಗೆಯು ತಂದೆತಾಯಿಗಳನ್ನು ಮೀರಿಸಿ ಬೆಳೆಯುವುದು. ಆದರೆ ಆ ರಾಶಿಯಿಂದ ಬೀಜ ತೆಗೆದು ಬಿತ್ತಿದರೆ ಗಿಡಗಳು ಒಂದರಂತೆ ಒಂದಿರದೆ ಇಳುವರಿ ಬೀಳುವುದು. ಇಲ್ಲಿ ವರ್ಷವರ್ಷ ಬೀಜ ಕೊಳ್ಳಬೇಕೆಂದು ವಿಧಿಸುವುದು ಯಾವ ಕಾಯಿದೆಯೂ ಅಲ್ಲ, ಗಿಡದ ಸ್ವಭಾವವೇ. ನಮ್ಮ ಹಿಂಗಾರಿನಲ್ಲಿ ಮಾಲದಂಡಿ, ಅಂದರೆ ಎಂ 35-1 ಜೋಳವು ಇಂದಿಗೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ರೊಟ್ಟಿಯ ರುಚಿಯೂ ಕಣಿಕೆಯ ಮೇವೂ ಅಂಗಡಿಯ ಚೀಲದಲ್ಲಿ ಯಾವಾಗಲೂ ಬರುವುದಿಲ್ಲ.

ತೊಗರಿಯಲ್ಲಿಯೂ ಇದೇ ಉಪಾಯವನ್ನು ಇಕ್ರಿಸ್ಯಾಟಿನವರು ಸಾಧಿಸಿದರು. ಪರಾಗ ಫಲಿಸದ ಗುಣವನ್ನು ಅವರು ತಂದದ್ದು ತೊಗರಿಯ ಕಾಡುಬಳಗದ ಒಂದು ಗಿಡದಿಂದ. ಅದು ನಮ್ಮ ದೇಶದ ಮಧ್ಯ ಮತ್ತು ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವಂಥದು. ಜೇನುಹುಳಗಳೇ ಒಂದು ಸಾಲಿನ ಪರಾಗವನ್ನು ಇನ್ನೊಂದು ಸಾಲಿಗೆ ಒಯ್ಯುವುವು. ಹೀಗೆ ಸಿದ್ಧವಾದ ಐಸಿಪಿಎಚ್ 2671 ಎಂಬ ಹೈಬ್ರಿಡ್ 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಹೈಬ್ರಿಡ್‌ಗಳ ತಂದೆತಾಯಿ ಸಾಲುಗಳನ್ನು ಪಡೆಯಲು ಖಾಸಗಿ ಬೀಜದ ಕಂಪನಿಗಳು ಸಂಸ್ಥೆಗೆ ವಂತಿಗೆ ಕೊಟ್ಟು ಸೇರಿಕೊಳ್ಳುವ ಏರ್ಪಾಡು ಕೂಡ ಇದೆ. ಹಾಗೆಯೇ 2011ರಲ್ಲಿ ಆಶಾ ತಳಿಯ ಜೀನುಗಳ ಪೂರ್ಣ ನಕ್ಷೆಯನ್ನು ಇಕ್ರಿಸ್ಯಾಟಿನ ಮುಂದಾಳುತನದಲ್ಲಿ ಚೀನಾ, ಅಮೆರಿಕ ಮೊದಲಾದ ದೇಶಗಳ ಶಾಸ್ತ್ರಜ್ಞರು ಕೂಡಿ ಪ್ರಕಟಿಸಿದರು. 48,680 ಜೀನುಗಳನ್ನು ಎಣಿಸಿದರು. ಅದೇ ವರ್ಷ ನಮ್ಮ ದೇಶದ ಶಾಸ್ತ್ರಜ್ಞರೂ ಪ್ರತ್ಯೇಕವಾಗಿ ಅಂಥದೇ ಕೆಲಸವನ್ನು ಪ್ರಕಟಿಸಿದರು. ಇಂಥ ನಕ್ಷೆಯಿಂದ ನಾಳೆಯೇ ಕಣದಲ್ಲಿ ರಾಶಿ ಹೆಚ್ಚುವುದಿಲ್ಲ. ತಳಿ ತಯಾರಿಸುವವರು ಕತ್ತಲೆಯಲ್ಲಿ ತಡಕುವುದು ತಪ್ಪುತ್ತದೆ, ಅಷ್ಟೇ.

ಪೂರ್ತಿ ವ್ಯಾಪಾರವಾಗಿಯೇ ಬಂದ ವಿಜ್ಞಾನಕ್ಕೆ ಬಿಟಿ ಹತ್ತಿಯು ದೃಷ್ಟಾಂತ. ಅಮೆರಿಕದ ಮಾನ್ಸಾಂಟೊ ಕಂಪನಿಯ ಜೀನನ್ನು ಸೇರಿಸಿದ ಹತ್ತಿಗೆ 2002ರ ಮಾರ್ಚಿಯಲ್ಲಿ ಸರ್ಕಾರದ ಅನುಮತಿ ದೊರೆಯಿತು. ಕಾಯಿಕೊರಕ ಹುಳದ ಕಾಟವು ಮೊದಲ ವರ್ಷಗಳಲ್ಲಿ ತಗ್ಗಿದ್ದು ನಿಜ. ಆದರೆ 450 ಗ್ರಾಮಿನ ಪೊಟ್ಟಣದ ಬೆಲೆ ಆರಂಭದಲ್ಲಿ ಸುಮಾರು 1,600 ರೂಪಾಯಿ. ಅದರ ದೊಡ್ಡ ಪಾಲು ಪರದೇಶದ ಜೀನಿಗೆ ಸಲ್ಲುವ ಹಕ್ಕುಹಣವಾಗಿತ್ತು. 2006ರಲ್ಲಿ ಆಂಧ್ರಪ್ರದೇಶ ಸರ್ಕಾರದವರು ತಕರಾರು ಎತ್ತಿದ ಮೇಲೆ ಬೆಲೆ 750 ರೂಪಾಯಿಗೆ ಇಳಿಯಿತು. ಮುಂದೆ ಕೇಂದ್ರ ಸರ್ಕಾರವೇ ಬೆಲೆಯನ್ನು ಗೊತ್ತುಪಡಿಸಲು ಆರಂಭಿಸಿ, ಹಕ್ಕುಹಣವನ್ನು 2016ರಲ್ಲಿ ಪೊಟ್ಟಣಕ್ಕೆ 49 ರೂಪಾಯಿಗೂ, 2018ರಲ್ಲಿ 39ಕ್ಕೂ, 2019ರಲ್ಲಿ 20ಕ್ಕೂ ಇಳಿಸಿ, 2020ರಲ್ಲಿ ಪೂರ್ತಿ ತೆಗೆದುಹಾಕಿತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕವು ಆ ಜೀನಿಗೆ ಬಗ್ಗದಂತಾಗಿತ್ತು. ಕೊಂಡ ಶಾಸ್ತ್ರಕ್ಕೂ ಆಯುಸ್ಸಿನ ಮಿತಿಯುಂಟು, ಬೆಲೆಯನ್ನು ಕೇಳಿ ತಗ್ಗಿಸುವುದೂ ಸಾಧ್ಯವುಂಟು ಎಂಬ ಎರಡು ಸಂಗತಿಗಳು ಇದರಿಂದ ತಿಳಿದುಬರುತ್ತವೆ.

ಈ ವಿಷಯದ ಇನ್ನೊಂದು ಮುಖವು ತೊಗರಿ ಬೆಳೆಯುವವರಿಗೆ ಕಹಿಯಾದದ್ದು. ಇಕ್ರಿಸ್ಯಾಟಿನ ಕೆಲಸವು ನಮ್ಮೊಬ್ಬರಿಗಾಗಿ ಅಲ್ಲ. ಪೂರ್ವ ಆಫ್ರಿಕಾದ ತೊಗರಿಯಲ್ಲಿಯೂ ನೆಟೆರೋಗವಿದೆ. ಅಲ್ಲಿಗೆಂದು ಆರಿಸಿದ ಐಸಿಇಎಪಿ 00040 ಎಂಬ ನೆಟೆನಿರೋಧಕ ತಳಿಯನ್ನು ಮಲಾವಿ, ಟಾಂಜಾನಿಯಾ ಮೊದಲಾದ ದೇಶಗಳಲ್ಲಿ ಬಿತ್ತುತ್ತಾರೆ. ಅವರ ತೊಗರಿಗೆ ದೊಡ್ಡ ಗಿರಾಕಿ ನಮ್ಮ ದೇಶವೇ. 2016ರ ಜುಲೈಯಲ್ಲಿ ಭಾರತವು ಮೊಜಾಂಬಿಕ್ ದೇಶದೊಡನೆ ಬೇಳೆಕಾಳುಗಳ ಆಮದಿಗೆ ಒಪ್ಪಂದ ಮಾಡಿಕೊಂಡಿತು. 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್ ಎಂಬುದು ಅದರ ಗುರಿ. ಅದೇ ವರ್ಷ ನಮ್ಮಲ್ಲಿಯೂ ಮಳೆಬೆಳೆ ಚೆನ್ನಾಗಿ, 2017ರ ಆರಂಭದಲ್ಲಿ ಮಾರುಕಟ್ಟೆಯ ದರವು ಕ್ವಿಂಟಲಿಗೆ 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತು. ಆಗ ಖರೀದಿ ಕೇಂದ್ರಗಳ ಮುಂದೆ ಬಂಡಿ, ಟ್ರ್ಯಾಕ್ಟರುಗಳ ಸಾಲು ನಿಂತದ್ದನ್ನು ಓದುಗರು ಮರೆತಿರಲಾರರು. ಇದರಿಂದ ವಿಜ್ಞಾನವನ್ನು ಹಂಚಿಕೊಳ್ಳುವುದೇ ತಪ್ಪೆಂದು ವಾದಿಸುವವರೊಡನೆ ನಾನು ಸಮ್ಮತಿಸಲಾರೆ. ಮಲಾವಿಯ ಒಕ್ಕಲಿನ ಹೊಲದಲ್ಲಿ ನೆಟೆ ಬೀಳಲೆಂದು ಹಾರೈಸುವುದರಿಂದ ನಮ್ಮ ಹೊಲದ ನೆಟೆ ನಿಲ್ಲುವುದಿಲ್ಲ. ಆಮದಿನ ಪ್ರಮಾಣವೆಷ್ಟು, ಸುಂಕವೆಷ್ಟು, ಯಾವ ತಿಂಗಳಲ್ಲಿ ಎಂಬುದು ವ್ಯಾಪಾರದ ಕರಾರು; ರೈತಸಂಘಗಳೂ ಸಹಕಾರ ಸಂಘಗಳೂ ತಮ್ಮ ಬೇಡಿಕೆಯನ್ನು ಸರ್ಕಾರದ ಮುಂದೆ ಇಡತಕ್ಕದ್ದು ಅಲ್ಲಿ.

ಇನ್ನು ನಮ್ಮ ದೇಶದ ಕಾಯಿದೆಯ ಮಾತು. ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯ 39ನೆಯ ಕಲಮಿನಂತೆ, ರೈತನು ತನ್ನ ಹೊಲದಲ್ಲಿ ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ತಳಿಯು ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿದ್ದರೂ ಈ ಹಕ್ಕು ಹೋಗುವುದಿಲ್ಲ. ಅದನ್ನು ಛಾಪು ಹಾಕಿದ ಚೀಲದಲ್ಲಿ ಆ ತಳಿಯ ಹೆಸರಿನಿಂದ ವ್ಯಾಪಾರದ ಬೀಜವಾಗಿ ಮಾರಲು ಮಾತ್ರ ಅವಕಾಶವಿಲ್ಲ. ಅಲ್ಲದೆ, ನೋಂದಾಯಿತ ತಳಿಯನ್ನು ಮಾರುವವರು ಇಂಥ ಸ್ಥಿತಿಯಲ್ಲಿ ಇಷ್ಟು ಫಲ ಬರುವುದೆಂದು ತಿಳಿಸಿರಬೇಕು. ಅಷ್ಟು ಬಾರದಿದ್ದರೆ ರೈತನು ಪರಿಹಾರ ಕೇಳಬಹುದು. ಕೇಳಲು ಕಾಗದ ಬೇಕು. ಆದಕಾರಣ ಬೀಜದ ಚೀಲ, ಅದಕ್ಕೆ ಹೊಲಿದ ಚೀಟಿ, ಅಂಗಡಿಯ ರಸೀದಿ ಇವನ್ನು ರಾಶಿಯಾಗುವವರೆಗೆ ಜೋಪಾನವಾಗಿ ಇಡತಕ್ಕದ್ದು. ಚೀಟಿಯು ನೀಲಿಯಾಗಿದ್ದರೆ ಪ್ರಮಾಣಿತ ಬೀಜ, ಬಿಳಿಯಾಗಿದ್ದರೆ ಮೂಲಬೀಜ. ಹಸಿರು ಚೀಟಿಯಾದರೆ ಮಾರುವವರು ತಮ್ಮ ಹೊಣೆಯ ಮೇಲೆ ಗುಣವನ್ನು ಬರೆದುಕೊಟ್ಟದ್ದೆಂದು ತಿಳಿಯಬೇಕು.

ಮಾರುತಿ, ಟಿಎಸ್-3ಆರ್ ಮೊದಲಾದ ತಳಿಗಳ ಬೀಜವನ್ನು ಮನೆಯಲ್ಲಿಯೇ ತೆಗೆದಿಡಬೇಕೆನ್ನುವವರು ಒಂದು ಎಚ್ಚರವನ್ನು ಮರೆಯಬಾರದು. ತೊಗರಿಯ ಹೂವಿಗೆ ಜೇನು ಬರುವುದರಿಂದ ಮಗ್ಗುಲ ಹೊಲದ ಬೇರೆ ತಳಿಯ ಪರಾಗ ಬೆರೆತು ಬೀಜವು ಕ್ರಮೇಣ ಕೆಡುವುದು. ಆದ್ದರಿಂದ ಬೀಜಕ್ಕೆಂದು ಇಟ್ಟ ತುಂಡಿನ ಸುತ್ತ 200 ಮೀಟರಿನಷ್ಟು ದೂರದೊಳಗೆ ಬೇರೆ ತೊಗರಿ ಇರಬಾರದು. ಒಬ್ಬರಿಂದ ಇದು ಕಷ್ಟ. ಊರಿನ ನಾಲ್ಕು ಮಂದಿ ಜಮೀನುದಾರರು ಹೊಂದಿಕೊಂಡು ಒಂದು ದಿಕ್ಕಿನ ಹೊಲಗಳಲ್ಲೆಲ್ಲ ಒಂದೇ ತಳಿ ಬಿತ್ತಿದರೆ ಸುಲಭ. ಬೇರೆ ಬಣ್ಣದ ಹೂವಿನವು, ಬೇರೆ ಎತ್ತರದವು, ರೋಗದವು ಕಂಡರೆ ಆಗಲೇ ಕಿತ್ತುಹಾಕಬೇಕು. ಬೀಜವನ್ನು ಹೊಲದ ನಡುಭಾಗದಿಂದ ತೆಗೆಯಬೇಕು. ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊಸ ಪ್ರಮಾಣಿತ ಬೀಜವನ್ನು ತರುವುದು ಒಳ್ಳೆಯದು. ಬಿತ್ತುವ ಮುನ್ನ ಟ್ರೈಕೋಡರ್ಮಾ ಲೇಪಿಸಬೇಕು. ನೆಟೆ ಬಲವಾಗಿರುವ ಹೊಲದಲ್ಲಿ ಎರಡು ಮೂರು ವರ್ಷ ತೊಗರಿಯನ್ನು ಬಿಟ್ಟು ಜೋಳ ಹಾಕುವ ಹಳೆಯ ಪದ್ಧತಿಯೇ ಮೇಲು. ಸೋಯಾ ತನ್ನೊಳಗೇ ಫಲಿಸುವುದರಿಂದ ಬೆರಕೆಯ ಭಯ ಕಡಮೆ, ಆದರೆ ಅದರ ಸಿಪ್ಪೆ ಬಹಳ ತೆಳುವು. ಯಂತ್ರದ ಹೊಡೆತಕ್ಕೆ ಮೊಳಕೆ ಸಾಯುವುದು. ಒದ್ದೆ ಗೋಣಿತಟ್ಟಿನ ಮೇಲೆ 100 ಕಾಳು ಸುತ್ತಿಟ್ಟು ನೋಡಿ, 70 ಮೊಳೆತರೆ ಮಾತ್ರ ಬಿತ್ತತಕ್ಕದ್ದು.

45 ಡಿಗ್ರಿಯ ಬಿಸಿಲನ್ನು ತಾಳಿ 125 ದಿನಗಳಲ್ಲಿ ಬೇಸಿಗೆಯಲ್ಲಿಯೂ ಬರುವ ಐಸಿಪಿವಿ 25444 ಎಂಬ ತೊಗರಿಯ ವಿಷಯವನ್ನು 2025ರಲ್ಲಿ ಇಕ್ರಿಸ್ಯಾಟಿನವರು ಪ್ರಕಟಿಸಿದ್ದನ್ನು ಹಲವರು ಓದಿರಬಹುದು. ಕರ್ನಾಟಕದಲ್ಲಿಯೂ ಅದರ ಪರೀಕ್ಷೆ ನಡೆದಿದೆ. ಯಾವ ಹೊಸ ತಳಿಯೇ ಆಗಲಿ, ನಮ್ಮ ಸೀಮೆಗೆಂದು ಶಿಫಾರಸು ಆಗಿದೆಯೇ ಎಂದು ವಿಚಾರಿಸದೆ, ಆ ಹೆಸರಿನ ಬೀಜವೆಂದು ಯಾರೋ ತಂದುಕೊಡುವ ಚೀಲಕ್ಕೆ ಹಣ ಕೊಡಬಾರದು.

ಕಡೆಯದಾಗಿ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮೇಲೆ ಹೇಳಿದ ಕಾಯಿದೆಯಂತೆ ರೈತರು ತಾವೇ ಉಳಿಸಿಕೊಂಡು ಬಂದ ಹಳೆಯ ತಳಿಯನ್ನು ತಮ್ಮ ಅಥವಾ ಊರಿನ ಹೆಸರಿನಲ್ಲಿ ನೋಂದಾಯಿಸಬಹುದು. ಯಾರ ಮನೆಯ ಗಡಿಗೆಯಲ್ಲಾದರೂ ಹಿಂದಿನವರ ಕಾಲದ ತೊಗರಿ, ಕಡಲೆ, ಜೋಳದ ಬೀಜವು ಬೇರೆ ತಳಿಯೊಡನೆ ಬೆರೆಯದೆ ಉಳಿದಿದ್ದರೆ, ಅದನ್ನು ಕುಟ್ಟಿ ಬೇಳೆ ಮಾಡುವುದಕ್ಕೆ ಮುಂಚೆ ಬೀದರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ಯಾವ ಊರಿನದು, ಎಂಥ ಭೂಮಿಯಲ್ಲಿ ಬಿತ್ತುತ್ತಿದ್ದರು, ಎಷ್ಟು ದಿನಕ್ಕೆ ಬರುತ್ತಿತ್ತು, ನೆಟೆ ಬೀಳುತ್ತಿತ್ತೇ ಇಲ್ಲವೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬೀಜದ ಜೊತೆಗೆ ಇಟ್ಟಿರಬೇಕು.